ನಿಲ್ಲಿಸೋ ಭಾಗಗಳನ್ನೂ ಅಂಟಿಸಿ

ಕಳೆದ ಎರಡು ತಿಂಗಳಿಂದ ನಮ್ಮ ಹಾಸ್ಟೆಲ್ ರೂಮಿಗೆ ಬಂದವರೆಲ್ಲ ಕೇಳೋ ಪ್ರಶ್ನೆ ಒಂದೇ. "ಏನ್ರೋ ಇದು, ಈ ವಯಸ್ಸಲ್ಲಿ ಆಟದ ಕಾರು ಜೋಡಿಸ್ಕೊಂಡು ಕೂತಿದ್ದೀರಾ?" ವಾರ್ಡನ್ ಸರ್ ಕೇಳಿದರು. ಮೆಸ್ಸಿನ ಅಣ್ಣ ಕೇಳಿದರು. ಪ್ಲೇಸ್‌ಮೆಂಟ್ ತಯಾರಿಯಲ್ಲಿರೋ ಸೀನಿಯರ್‌ಗಳಂತೂ ಕೇಳಿ, ನಕ್ಕು, ಕೊನೆಗೆ ಒಂದು ಚಕ್ರ ಕೈಗೆತ್ತಿಕೊಂಡು ಹತ್ತು ನಿಮಿಷ ಅಲ್ಲೇ ನಿಂತರು. ಎಲ್ಲರಿಗೂ ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ಅದಕ್ಕೇ ಈ ಲೇಖನ.

ನಾವು ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬ ಇ ಅಂಡ್ ಸಿ, ಒಬ್ಬ ಕಂಪ್ಯೂಟರ್ ಸೈನ್ಸ್. ಎಲ್ಲರೂ ಇಂಗ್ಲಿಷ್ ಮೀಡಿಯಂ. 'ಘರ್ಷಣೆ' ಅಂದ್ರೆ ಫ್ರಿಕ್ಷನ್ ಅಂತ ಈ ಲೇಖನ ಬರೆಯುವಾಗ ಗೊತ್ತಾಯ್ತು. ಅಲ್ಲಿಯವರೆಗೆ ಅದು ಪೇಪರಿನಲ್ಲಿ ಬರೋ ಗಲಾಟೆ ಸುದ್ದಿಯ ಪದ ಅಂದುಕೊಂಡಿದ್ದೆವು. ಆದ್ದರಿಂದ ತಪ್ಪುಗಳಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾವು ಹೇಳಬೇಕು ಅಂತಿರೋದು ಇಷ್ಟೆ: ಅಮೆರಿಕದ ಹಳೇ ಡ್ರ್ಯಾಗ್ ರೇಸ್ ಕಾರುಗಳ ಸಣ್ಣ ಅಳತೆಯ ಕಿಟ್‌ಗಳು ಆಟಿಕೆ ಅಂತ ತಳ್ಳಿಹಾಕೋ ವಸ್ತು ಅಲ್ಲ. ವೇಗದ ಬಗ್ಗೆ ನಮ್ಮ ವಯಸ್ಸಿನವರಿಗೆ ಯಾರೂ ಸರಿಯಾಗಿ ಹೇಳಿಕೊಡದ ಒಂದು ಪಾಠ ಆ ಡಬ್ಬಿಯೊಳಗೆ ಇದೆ. ಆದರೆ ಅದು ಕಾಣಬೇಕಾದರೆ ಕಿಟ್ಟನ್ನು ಪೂರ್ತಿ ಕಟ್ಟಬೇಕು, ಇಂಜಿನ್ ಅಂಟಿಸಿ ಫೋಟೋ ತೆಗೆದು ಬಿಟ್ಟುಬಿಡಬಾರದು.

ಮೊದಲು ಡ್ರ್ಯಾಗ್ ರೇಸ್ ಅಂದರೇನು ಅಂತ ಹೇಳಿಬಿಡ್ತೀವಿ. ನೇರವಾದ ದಾರಿ, ಅಕ್ಕಪಕ್ಕ ಎರಡು ಕಾರು, ನಿಂತಲ್ಲಿಂದ ಹೊರಟು ಕಾಲು ಮೈಲಿ ಓಡಬೇಕು. ಕಾಲು ಮೈಲಿ ಅಂದರೆ 1320 ಅಡಿ, 402 ಮೀಟರ್. ತಿರುವಿಲ್ಲ, ಸುತ್ತಿಲ್ಲ, ಯಾರು ಮೊದಲು ಗೆರೆ ದಾಟುತ್ತಾರೋ ಅವರು ಗೆದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್ ಕಾರುಗಳನ್ನು ಬಿಚ್ಚಿ, ಭಾರ ಕಡಿಮೆ ಮಾಡಿ, ಊರಿನ ರಸ್ತೆಗಳಲ್ಲೇ ಹೀಗೆ ಓಡಿಸುತ್ತಿದ್ದರು. ಸಾಯುತ್ತಲೂ ಇದ್ದರು. 1950ರಲ್ಲಿ ಸಾಂತಾ ಆನಾ ವಿಮಾನ ನಿಲ್ದಾಣದ ರನ್‌ವೇ ಮೇಲೆ ಟಿಕೆಟ್ ಇಟ್ಟು ಡ್ರ್ಯಾಗ್ ರೇಸ್ ಶುರುವಾಯಿತು. 1951ರಲ್ಲಿ 'ಹಾಟ್ ರಾಡ್' ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಅದರ ಮುಖ್ಯ ಉದ್ದೇಶವೇ ಹುಡುಗರನ್ನು ರಸ್ತೆಯಿಂದ ಎಬ್ಬಿಸಿ, ನಿಯಮ ಇರೋ ಜಾಗಕ್ಕೆ ಕರೆದುಕೊಂಡು ಹೋಗೋದು. 1953ರಲ್ಲಿ ಪೊಮೋನಾದ ಮೊದಲ ರೇಸಿಗೆ ಆ ಊರಿನ ಪೊಲೀಸರ ಬೆಂಬಲವೂ ಇತ್ತು. ಮರುವರ್ಷ 'ಸೇಫ್ಟಿ ಸಫಾರಿ' ಅನ್ನೋ ಸಣ್ಣ ತಂಡ ಕಾರಿಗೆ ಟ್ರೈಲರ್ ಕಟ್ಟಿಕೊಂಡು, ರೇಸನ್ನು ಸುರಕ್ಷಿತವಾಗಿ ಹೇಗೆ ನಡೆಸಬೇಕು ಅಂತ ತೋರಿಸುತ್ತಾ ಊರೂರು ತಿರುಗಿತು.

ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳ್ತಿದ್ದೀವಿ ಅಂದರೆ, ನಮ್ಮಲ್ಲೊಬ್ಬನ ಬಲತೊಡೆಯೊಳಗೆ ಈಗ ಒಂದು ರಾಡ್ ಇದೆ.

ಮೂರನೇ ಸೆಮ್ ಶುರುವಾದ ಮೇಲೆ, ಒಂದು ರಾತ್ರಿ ಹನ್ನೊಂದೂವರೆಗೆ, ಹೈವೇ ಪಕ್ಕದ ಸರ್ವಿಸ್ ರೋಡಿನಲ್ಲಿ ಎರಡು ಬೈಕು. ರೀಲ್ಸ್‌ನಲ್ಲಿ ನೋಡಿದ ಹಾಗೇ ನಾವೂ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದೆವು. ಅವನು ಓಡಿಸಿದ. ಉಳಿದ ಮೂವರು ಕೊನೆಯ ಗೆರೆಯ ಹತ್ತಿರ ಫೋನ್ ಹಿಡಿದು ನಿಂತಿದ್ದೆವು. ಗೆದ್ದ. ಗೆದ್ದ ಮೇಲೆ ನಿಲ್ಲಿಸೋಕೆ ಜಾಗ ಇರಲಿಲ್ಲ. ನಮ್ಮ ಗೆರೆಯಿಂದ ಸುಮಾರು 60 ಮೀಟರ್ ಆಚೆ ರಸ್ತೆ ತಿರುಗುತ್ತದೆ, ತಿರುವಿನಲ್ಲಿ ಮರಳು ಚೆಲ್ಲಿತ್ತು. ವಿಡಿಯೋದಲ್ಲಿ ಮೊದಲು ನಮ್ಮ ಕೂಗು ಕೇಳುತ್ತೆ, ಆಮೇಲೆ ಏನೂ ಕೇಳಲ್ಲ. ಆ ವಿಡಿಯೋ ಡಿಲೀಟ್ ಮಾಡಿದ್ದೇವೆ. ನಾವು ಅಲ್ಲಿ ನಿಂತಿದ್ದನ್ನು ಡಿಲೀಟ್ ಮಾಡೋಕೆ ಆಗಲ್ಲ.

ಅವನು ಮನೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಾಗ ಡೆಟ್ರಾಯಿಟ್ ಕಡೆ ಕೆಲಸದಲ್ಲಿರೋ ಅವನ ಚಿಕ್ಕಪ್ಪ ಊರಿಗೆ ಬಂದಿದ್ದರು. ಬೈಯುತ್ತಾರೆ ಅಂದುಕೊಂಡಿದ್ದ. ಅವರು ಏನೂ ಬೈಯಲಿಲ್ಲ, ಎರಡು ಡಬ್ಬಿ ಕೊಟ್ಟು ಹೋದರು. ಎರಡೂ 1/25 ಅಳತೆಯ ಪ್ಲಾಸ್ಟಿಕ್ ಕಿಟ್, ಎರಡೂ ಡ್ರ್ಯಾಗ್‌ಸ್ಟರ್. ಒಂದು 1960ರ ದಶಕದ್ದು, ಇಂಜಿನ್ ಮುಂದೆ. ಇನ್ನೊಂದು 1970ರ ದಶಕದ್ದು, ಇಂಜಿನ್ ಹಿಂದೆ. "ಎರಡನ್ನೂ ಕಟ್ಟಿ ಪಕ್ಕಪಕ್ಕ ಇಡು, ಆಮೇಲೆ ಫೋನ್ ಮಾಡು" ಅಂದರಂತೆ.

ಇಂಥ ಕಿಟ್‌ಗಳಿಗೆ ದೊಡ್ಡ ಇತಿಹಾಸವೇ ಇದೆ. ಡೆಟ್ರಾಯಿಟ್ ಪಕ್ಕದ ಟ್ರಾಯ್ ಊರಿನ ಎಎಂಟಿ ಕಂಪನಿ 1948ರಲ್ಲಿ ಶುರುವಾದದ್ದು ಕಾರ್ ಶೋರೂಮುಗಳಿಗೆ ಸಣ್ಣ ಮಾದರಿ ಕಾರು ಮಾಡಿಕೊಡೋಕೆ. 1958ರಲ್ಲಿ ಅವರು ಒಂದೇ ಡಬ್ಬಿಯಿಂದ ಮೂರು ರೀತಿ ಕಟ್ಟಬಹುದಾದ ಕಿಟ್ ತಂದರು. ಕ್ಯಾಲಿಫೋರ್ನಿಯಾದ ರೆವೆಲ್, ಶಿಕಾಗೋದ ಮೋನೋಗ್ರಾಮ್, ಆಮೇಲೆ ಬಂದ ಎಂಪಿಸಿ, ಎಲ್ಲರೂ ಡ್ರ್ಯಾಗ್ ಕಾರುಗಳನ್ನು ಮಾಡಿದರು. 'ಸ್ನೇಕ್' ಅಂತ ಹೆಸರಾದ ಡಾನ್ ಪ್ರುಧೋಮ್, 'ಮಂಗೂಸ್' ಅಂತ ಹೆಸರಾದ ಟಾಮ್ ಮೆಕ್ಯುಯೆನ್ ಇಬ್ಬರಿಗೂ 1970ರಲ್ಲಿ ಹಾಟ್ ವೀಲ್ಸ್ ಆಟಿಕೆಯ ಮ್ಯಾಟೆಲ್ ಕಂಪನಿಯೇ ದುಡ್ಡು ಹಾಕಿತ್ತು. ನಾವು ಚಿಕ್ಕವರಿದ್ದಾಗ ಸಿಮೆಂಟ್ ನೆಲದ ಮೇಲೆ ಉರುಳಿಸಿದ ಹಾಟ್ ವೀಲ್ಸ್ ಹಿಂದೆ ಇಂಥದ್ದೊಂದು ಹಾವು ಮುಂಗುಸಿ ಜಗಳ ಇತ್ತು ಅಂತ ನಮಗೆ ಗೊತ್ತೇ ಇರಲಿಲ್ಲ.

ಸರಿ, ಮೊದಲ ಡಬ್ಬಿ ತೆರೆದೆವು. ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಹಣ್ಣಿನ ಗೊಂಚಲಿನ ಹಾಗೆ ನೇತುಬಿದ್ದ ಭಾಗಗಳು, ನಾಲ್ಕು ರಬ್ಬರಿನಂಥ ಟೈರು, ನೀರಲ್ಲಿ ನೆನೆಸಿ ಅಂಟಿಸೋ ಸ್ಟಿಕ್ಕರ್ ಹಾಳೆ, ಒಂದು ಸೂಚನೆಯ ಕಾಗದ. ನಿಪ್ಪರ್‌ನಲ್ಲಿ ಭಾಗ ಕತ್ತರಿಸಿ, ಅಂಚನ್ನು ನೀರು ಹಾಕಿ ಉಜ್ಜೋ ಕಾಗದದಲ್ಲಿ ತಿಕ್ಕಿ, ಅಂಟು ಹಾಕಬೇಕು. ಈ ಅಂಟು ಕೂಡ ಒಂದು ಪಾಠ. ಇದು ಫೆವಿಕಾಲ್ ಹಾಗೆ ಮಧ್ಯೆ ಕೂತು ಹಿಡಿದುಕೊಳ್ಳಲ್ಲ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸುತ್ತೆ, ಎರಡು ಭಾಗಗಳೂ ಕರಗಿ ಬೆರೆತು ಆಮೇಲೆ ಗಟ್ಟಿಯಾಗುತ್ತವೆ. ಅಂದರೆ ಅದು ವೆಲ್ಡಿಂಗ್. ಆತುರ ಮಾಡಿದರೆ ಜಾಯಿಂಟ್ ಜಾರುತ್ತೆ, ಹೆಚ್ಚು ಹಾಕಿದರೆ ಭಾಗವೇ ಕರಗುತ್ತೆ. ಮೊದಲ ವಾರದಲ್ಲೇ ಒಂದು ಚಾಸಿ ಪೈಪಿನ ಮೇಲೆ ನಮ್ಮ ಇ ಅಂಡ್ ಸಿ ಗೆಳೆಯನ ಹೆಬ್ಬೆಟ್ಟಿನ ಗುರುತು ಶಾಶ್ವತವಾಗಿ ಮೂಡಿತು.

ಡ್ರ್ಯಾಗ್‌ಸ್ಟರ್ ಕಟ್ಟೋಕೆ ಶುರು ಮಾಡಿದರೆ ಮೊದಲು ಬರೋದು ಬರೀ ಪ್ರಶ್ನೆಗಳು. ಬೇರೆ ಕಾರಿನ ಕಿಟ್‌ನಲ್ಲಿ ಬಾಡಿ ಎಲ್ಲವನ್ನೂ ಮುಚ್ಚಿಬಿಡುತ್ತೆ. ಇಲ್ಲಿ ಮುಚ್ಚೋದೇ ಇಲ್ಲ, ಇರೋದೆಲ್ಲ ಎದುರಿಗೇ. ರೇಡಿಯೇಟರ್ ಎಲ್ಲಿ? ಇಲ್ಲ. ಓಟ ಏಳೆಂಟು ಸೆಕೆಂಡಿನದ್ದು, ಅಷ್ಟು ಹೊತ್ತಿಗೆ ನೀರು ತಂಪು ಮಾಡೋ ವ್ಯವಸ್ಥೆಯ ಭಾರ ದಂಡ. ಸ್ಟಾರ್ಟರ್ ಮೋಟಾರ್? ಅದೂ ಇಲ್ಲ, ಆಗೆಲ್ಲ ಇನ್ನೊಂದು ವಾಹನದಿಂದ ಹಿಂದಿನಿಂದ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದರು. ಹಿಂದಿನ ಚಕ್ರಕ್ಕೆ ಸ್ಪ್ರಿಂಗು? ಇಲ್ಲ, ಆಕ್ಸಲ್ ನೇರ ಚಾಸಿಗೇ ಬೋಲ್ಟ್. ಮುಂದಿನ ಚಕ್ರ ನೋಡಿದರೆ ಸೈಕಲ್ಲಿನದ್ದು ಅನ್ನಿಸುತ್ತೆ.

ಇಂಜಿನ್ ಮೇಲೆ ಕೂತಿರೋ ದೊಡ್ಡ ಸೂಪರ್‌ಚಾರ್ಜರ್ ಕಥೆ ನಮಗೆ ತುಂಬಾ ಇಷ್ಟವಾಯಿತು. ಅದು ರೇಸಿಗಾಗಿ ಹುಟ್ಟಿದ್ದಲ್ಲ. ಜಿಎಂಸಿ 6-71 ಅನ್ನೋದು ಲಾರಿ ಬಸ್ಸುಗಳ ಟೂ-ಸ್ಟ್ರೋಕ್ ಡೀಸೆಲ್ ಇಂಜಿನ್. 6 ಅಂದರೆ ಸಿಲಿಂಡರ್ ಲೆಕ್ಕ, 71 ಅಂದರೆ ಒಂದೊಂದು ಸಿಲಿಂಡರಿನ ಘನ ಇಂಚು. ಅದಕ್ಕೆ ಗಾಳಿ ನೂಕೋಕೆ ಇದ್ದ ಬ್ಲೋವರನ್ನು ಹುಡುಗರು ಗುಜರಿಯಿಂದ ತಂದು ಕ್ರೈಸ್ಲರ್ ಹೆಮಿ ಇಂಜಿನ್ ತಲೆ ಮೇಲೆ ಕೂರಿಸಿದರು. ಇಂಧನ ನೈಟ್ರೋಮೀಥೇನ್. ಒಂದು ಕೆಜಿ ಪೆಟ್ರೋಲ್ ಉರಿಯೋಕೆ 14.7 ಕೆಜಿ ಗಾಳಿ ಬೇಕು, ಒಂದು ಕೆಜಿ ನೈಟ್ರೋಗೆ 1.7 ಕೆಜಿ ಸಾಕು, ಯಾಕೆಂದರೆ ಅದರ ಅಣುವಿನೊಳಗೇ ಆಕ್ಸಿಜನ್ ಇದೆ. ಅಂದರೆ ಅಷ್ಟೇ ಗಾಳಿಗೆ ಎಷ್ಟೋ ಪಾಲು ಹೆಚ್ಚು ಇಂಧನ ಸುರಿಯಬಹುದು. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಸ್ಟಾಯ್ಕಿಯೋಮೆಟ್ರಿ ಅನ್ನೋ ಪದ ಕೇಳಿದಾಗ ನಿದ್ದೆ ಬಂದಿತ್ತು. ಈ ಸಲ ಬರಲಿಲ್ಲ.

ಇಲ್ಲಿವರೆಗೂ ಮಜಾ. ಇಂಜಿನ್ ಮುಗಿಯೋವರೆಗೂ ನಾಲ್ವರಿಗೂ ಕಾಂಪಿಟೇಶನ್, ನಾನು ಅಂಟಿಸ್ತೀನಿ ತಾನು ಅಂಟಿಸ್ತೀನಿ ಅಂತ. ಇಂಜಿನ್ ಕೂತ ಮೇಲೆ ಆಸಕ್ತಿ ತಗ್ಗಿತು. ಚೌಕಟ್ಟಿನಲ್ಲಿ ಇನ್ನೂ ಒಂದಿಷ್ಟು ಸಣ್ಣಪುಟ್ಟ ಭಾಗ ಉಳಿದಿದ್ದವು. ಡ್ರೈವರ್ ತಲೆ ಸುತ್ತ ಬರೋ ರೋಲ್ ಬಾರ್. ಬ್ರೇಕ್ ಲಿವರ್. ಕ್ಲಚ್ ಸುತ್ತಲಿನ ಗಟ್ಟಿ ಕವಚ. ಪ್ಯಾರಾಚೂಟಿನ ಚೀಲ. "ಸಣ್ಣ ಐಟಂ, ಆಮೇಲೆ ನೋಡೋಣ" ಅಂದೆವು. ಆಗ ಕಾಲು ಚಾಚಿ ಕೂತಿದ್ದವನು ಹೇಳಿದ, "ಆಮೇಲೆ ಅಂತ ಬಿಟ್ಟಿದ್ದು ಇದನ್ನೇ ಅಲ್ವೇನ್ರೋ."

ಯಾರೂ ಮಾತಾಡಲಿಲ್ಲ. ಆವತ್ತು ರಾತ್ರಿ ಲೆಕ್ಕ ಮಾಡಿದೆವು.

1960ರ ದಶಕದ ಕೊನೆಯ ಒಂದು ಟಾಪ್ ಫ್ಯುಯೆಲ್ ಡ್ರ್ಯಾಗ್‌ಸ್ಟರ್ ಗೆರೆ ದಾಟುವಾಗ ಗಂಟೆಗೆ 220 ಮೈಲಿ ಅಂತ ಇಟ್ಟುಕೊಳ್ಳಿ. ಅದು 354 ಕಿಲೋಮೀಟರ್, ಅಂದರೆ ಸೆಕೆಂಡಿಗೆ 98 ಮೀಟರ್. ವೇಗದ ವರ್ಗವನ್ನು ಎರಡು ಪಟ್ಟು ಮಂದಗತಿಯಿಂದ ಭಾಗಿಸಿದರೆ ನಿಲ್ಲೋ ದೂರ ಸಿಗುತ್ತೆ, ಪಿಯುಸಿ ಫಿಸಿಕ್ಸ್. ಧಾರಾಳವಾಗಿ 1 ಜಿ ಮಂದಗತಿ ಕೊಟ್ಟರೂ ಉತ್ತರ 490 ಮೀಟರ್. ಓಟದ ದಾರಿಯೇ 402 ಮೀಟರ್! ಓಡಿದ್ದಕ್ಕಿಂತ ನಿಲ್ಲೋಕೆ ಹೆಚ್ಚು ದಾರಿ ಬೇಕು. ಬ್ರೇಕ್ ಇರೋದು ಹಿಂದಿನ ಚಕ್ರಗಳಿಗೆ ಮಾತ್ರ, ಅದಕ್ಕೇ 1950ರ ದಶಕದ ಕೊನೆಯಿಂದ ಪ್ಯಾರಾಚೂಟ್ ಬಂತು.

1/25ರಲ್ಲಿ 402 ಮೀಟರ್ ಅಂದರೆ 16.1 ಮೀಟರ್. ಟೇಪ್ ಹಿಡಿದು ಹಾಸ್ಟೆಲ್ ಕಾರಿಡಾರ್‌ನಲ್ಲಿ ಅಳೆದೆವು. ಮೆಟ್ಟಿಲ ಕಡೆ ಸ್ಟಾರ್ಟ್ ಗೆರೆ, 16.1 ಮೀಟರಿಗೆ ಚಾಕ್‌ನಲ್ಲಿ ಫಿನಿಶ್ ಗೆರೆ. ನಿಲ್ಲೋಕೆ ಇನ್ನೂ 19.6 ಮೀಟರ್ ಬೇಕು. ನಮ್ಮ ಕಾರಿಡಾರ್ ಒಟ್ಟು ಉದ್ದ 28 ಮೀಟರ್. ಮೂರನೇ ಗೆರೆ ಎಳೆಯೋಕೆ ನೆಲವೇ ಇಲ್ಲ. ಅದು ಗೋಡೆ ದಾಟಿ ಹೊರಗೆ, ಎರಡನೇ ಮಹಡಿಯ ಎತ್ತರದ ಗಾಳಿಯಲ್ಲಿ, ಬೇವಿನಮರದ ಹತ್ತಿರ ಎಲ್ಲೋ ಬೀಳುತ್ತೆ. ನಾಲ್ವರೂ ಆ ಗೋಡೆ ನೋಡುತ್ತಾ ಕೂತೆವು.

ಆಮೇಲೆ ಅವನೇ ತನ್ನ ಲೆಕ್ಕವನ್ನೂ ಮಾಡಿದ. ಸ್ಪೀಡೋಮೀಟರಲ್ಲಿ 110 ನೋಡಿದ್ದು ನೆನಪಿದೆಯಂತೆ. ಅದು ಸೆಕೆಂಡಿಗೆ ಸುಮಾರು 30 ಮೀಟರ್. ಒಣ ರಸ್ತೆ, ಘರ್ಷಣೆ 0.7 ಅಂತ ಹಿಡಿದರೆ ಬ್ರೇಕ್ ಬಿದ್ದ ಮೇಲೆ 68 ಮೀಟರ್. ಬ್ರೇಕ್ ಹಿಡಿಯೋಕೆ ಮುಂಚೆ ಒಂದು ಸೆಕೆಂಡ್ ಹೋದರೆ ಇನ್ನೂ 30. ಹೆಚ್ಚುಕಡಿಮೆ 100 ಮೀಟರ್. ನಾವು ಬಿಟ್ಟಿದ್ದ ಜಾಗ 60. ಮರಳು ಇಲ್ಲದಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ. ಗೆರೆ ಎಳೆದವರು ನಾಲ್ವರು ಇಂಜಿನಿಯರಿಂಗ್ ಸ್ಟೂಡೆಂಟ್ಸ್. ಈ ಸೂತ್ರ ನಾಲ್ವರಿಗೂ ಬಾಯಿಪಾಠ ಬರುತ್ತಿತ್ತು.

ರೀಲ್ಸ್‌ನಲ್ಲಿ ಡ್ರ್ಯಾಗ್ ರೇಸ್ ಅಂದರೆ ಹೊಗೆ, ಶಬ್ದ, ಹೊರಡೋ ಕ್ಷಣ. ಗೆರೆ ದಾಟಿದ ತಕ್ಷಣ ವಿಡಿಯೋ ಕಟ್ ಆಗುತ್ತೆ. ನಾವು ನೋಡಿ ಕಲಿತದ್ದು ಮೊದಲ ಅರ್ಧ ಮಾತ್ರ. ನಿಜವಾದ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಗೆರೆಯಾಚೆ ನಿಲ್ಲಿಸೋ ದಾರಿ ಇರುತ್ತೆ, ಸಾಮಾನ್ಯವಾಗಿ ಓಟದ ದಾರಿಗಿಂತ ಉದ್ದ. ಅದೂ ಸಾಲದೆ ಹೋದ ಉದಾಹರಣೆ ಇದೆ. 2008ರಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಸ್ಕಾಟ್ ಕಲಿಟ್ಟಾ ಅನ್ನೋ ಹೆಸರಾಂತ ರೇಸರ್ ಗೆರೆ ದಾಟಿದ ಮೇಲೆ ಕಾರು ನಿಲ್ಲದೆ ತೀರಿಕೊಂಡರು. ಆಗ ಆ ಸಂಸ್ಥೆ ಏನು ಮಾಡಿತು ಗೊತ್ತಾ? ಅತಿ ವೇಗದ ಎರಡು ವಿಭಾಗಗಳ ಓಟವನ್ನೇ 1320 ಅಡಿಯಿಂದ 1000 ಅಡಿಗೆ ಇಳಿಸಿತು. ಅಷ್ಟು ವರ್ಷದ ಕಾಲು ಮೈಲಿ ಸಂಪ್ರದಾಯವನ್ನು ಬಿಟ್ಟು, ಉಳಿದದ್ದನ್ನು ನಿಲ್ಲಿಸೋಕೆ ಕೊಟ್ಟರು.

ಈಗ ಎರಡನೇ ಡಬ್ಬಿ. ಚಿಕ್ಕಪ್ಪ ಪಕ್ಕಪಕ್ಕ ಇಡು ಅಂದಿದ್ದು ಯಾಕೆ ಅಂತ ಕಟ್ಟಿದ ಮೇಲೆ ಗೊತ್ತಾಯಿತು.

ಹಳೇ ಮಾದರಿಯ ಹೆಸರು ಸ್ಲಿಂಗ್‌ಶಾಟ್, ನಮ್ಮ ಕ್ಯಾಟರ್‌ಬಿಲ್ಲು. ಡ್ರೈವರ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ, ರಬ್ಬರಿನಲ್ಲಿ ಎಳೆದಿಟ್ಟ ಕಲ್ಲಿನ ಹಾಗೆ ಕೂರುತ್ತಾನೆ. 1954ರ ಸುಮಾರಿಗೆ ಮಿಕಿ ಥಾಂಪ್ಸನ್ ಮೊದಲು ಹೀಗೆ ಮಾಡಿದರು ಅಂತ ಹೇಳುತ್ತಾರೆ. ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಬಿದ್ದು ಹಿಡಿತ ಹೆಚ್ಚುತ್ತೆ. ಆದರೆ ಸೀಟು ಅಂಟಿಸುವಾಗ ಕೈಗೇ ತಿಳಿಯುತ್ತೆ: ಇಂಜಿನ್ ಅವನ ಮುಖದ ಮುಂದೆ, ಕಾಲು ಆಕ್ಸಲ್ ಮೇಲಿಂದ ಹಾದು ಆ ಕಡೆ ಈ ಕಡೆ, ಕ್ಲಚ್ಚು ಗೇರು ಎಲ್ಲ ಎರಡೂ ಕಾಲಿನ ನಡುವೆ. ಏನಾದರೂ ಸಿಡಿದರೆ ಎಲ್ಲಿಗೆ ಹೋಗುತ್ತೆ? ಎಣ್ಣೆಗೆ ಬೆಂಕಿ ಹತ್ತಿದರೆ ಗಾಳಿ ಅದನ್ನು ಯಾವ ಕಡೆ ತಳ್ಳುತ್ತೆ? ಸೂಚನೆಯ ಕಾಗದದಲ್ಲಿ ಈ ಪ್ರಶ್ನೆ ಇಲ್ಲ, ಕೈಯಲ್ಲಿ ಹಿಡಿದ ಮಾದರಿಯಲ್ಲಿದೆ.

1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಡಾನ್ ಗಾರ್ಲಿಟ್ಸ್ ಅವರಿಗೆ ಆದದ್ದು ಅದೇ. ಫ್ಲೋರಿಡಾದ ಈ ಮನುಷ್ಯ ತನ್ನ ಕಾರುಗಳಿಗೆಲ್ಲ 'ಸ್ವಾಂಪ್ ರ್‍ಯಾಟ್' ಅಂತ ಹೆಸರಿಟ್ಟು ನಂಬರ್ ಹಾಕುತ್ತಿದ್ದರು. ಆವತ್ತಿನದು 13. ಹೊರಡುತ್ತಲೇ ಟ್ರಾನ್ಸ್‌ಮಿಷನ್ ಸಿಡಿಯಿತು, ಕಾರು ಎರಡು ತುಂಡಾಯಿತು, ಅವರ ಬಲಪಾದದ ಒಂದು ಭಾಗ ಹೋಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅವರು ಇಂಜಿನ್ನನ್ನು ಡ್ರೈವರ್ ಹಿಂದೆ ಇಡೋ ಕಾರಿನ ಬಗ್ಗೆ ಯೋಚನೆ ಶುರು ಮಾಡಿದರು.

ಆ ಐಡಿಯಾ ಹೊಸದೇನಲ್ಲ. ಮುಂಚೆಯೂ ಕೆಲವರು ಮಾಡಿದ್ದರು, ಕಾರು ನೇರ ಹೋಗುತ್ತಿರಲಿಲ್ಲ. ಗಾರ್ಲಿಟ್ಸ್ ಕಾರೂ ಮೊದಮೊದಲು ಅಡ್ಡಾದಿಡ್ಡಿ ಹೋಯಿತು. ಸ್ಲಿಂಗ್‌ಶಾಟ್‌ನಲ್ಲಿ ಡ್ರೈವರ್ ಹಿಂತುದಿಯಲ್ಲಿ ಕೂತಿರೋದರಿಂದ ಕಾರು ಸ್ವಲ್ಪ ಅಲುಗಿದರೂ ಮೈಗೆ ಗೊತ್ತಾಗುತ್ತೆ. ಮುಂದೆ ಕೂತರೆ ತಡವಾಗಿ ಗೊತ್ತಾಗುತ್ತೆ, ಆಗ ಸ್ಟಿಯರಿಂಗ್ ಅತಿಯಾಗಿ ತಿರುಗಿಸಿಬಿಡುತ್ತಾರೆ. ತಂಡದವರು ಕಂಡುಕೊಂಡ ಪರಿಹಾರ ಸರಳ: ಸ್ಟಿಯರಿಂಗ್ ಅನುಪಾತ ಬದಲಿಸಿ ಅದನ್ನು ನಿಧಾನ ಮಾಡಿದರು. ಕೈ ಹೆಚ್ಚು ತಿರುಗಿಸಿದರೂ ಚಕ್ರ ಕಡಿಮೆ ತಿರುಗುತ್ತೆ. 1971ರಲ್ಲಿ ಸ್ವಾಂಪ್ ರ್‍ಯಾಟ್ 14 ಪೊಮೋನಾದಲ್ಲಿ ವಿಂಟರ್‌ನ್ಯಾಷನಲ್ಸ್ ಗೆದ್ದಿತು. ಕೆಲವೇ ವರ್ಷದಲ್ಲಿ ಟಾಪ್ ಫ್ಯುಯೆಲ್‌ನಲ್ಲಿ ಮುಂದೆ ಇಂಜಿನ್ ಇರೋ ಕಾರುಗಳೇ ಮಾಯವಾದವು. ಜೀವ ಉಳಿಸೋಕೆ ಮಾಡಿದ ಕಾರೇ ಹೆಚ್ಚು ವೇಗದ್ದೂ ಆಯಿತು.

ನಮ್ಮ ಟೇಬಲ್ ಮೇಲೆ ಈಗ ಆ ಎರಡು ಮಾದರಿಗಳೂ ಪಕ್ಕಪಕ್ಕ ಇವೆ. ಒಂದು ತಪ್ಪು, ಒಂದು ತಿದ್ದುಪಡಿ. ನಮ್ಮ ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ಡಿಸೈನ್ ಬದಲಾವಣೆಯ ಕಾರಣ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ. ಅಲ್ಲಿ ಉತ್ತರ ಮಾತ್ರ ಇರುತ್ತೆ, ಆ ಉತ್ತರಕ್ಕೆ ಯಾರ ಕಾಲು ಹೋಯಿತು ಅಂತ ಇರಲ್ಲ.

ಕಿಟ್‌ಗಳ ಮೇಲೂ ನಮಗೆ ದೂರು ಇದೆ. ಡಬ್ಬಿ ಮೇಲಿನ ಚಿತ್ರದಲ್ಲಿ ಬರೀ ಹೊಗೆ, ಬೆಂಕಿ, ಎದ್ದ ಮುಂದಿನ ಚಕ್ರ. ನಮಗೆ ಸಿಕ್ಕ ಎರಡರಲ್ಲೂ ಸೀಟ್ ಬೆಲ್ಟ್ ಇರಲಿಲ್ಲ. ಬ್ರೇಕಿನ ಪೈಪ್ ಇರಲಿಲ್ಲ, ಇಂಧನದ ಪೈಪ್ ಇರಲಿಲ್ಲ. ಹಳೇ ಅಚ್ಚಿನಿಂದ ಮತ್ತೆ ತೆಗೆದ ಕಿಟ್, ಆ ಕಾಲದ ಅಚ್ಚಿನಲ್ಲಿ ಅಷ್ಟು ಸಣ್ಣದ್ದು ಮಾಡೋದು ಕಷ್ಟ ಇತ್ತು ಅನ್ನೋದು ಒಪ್ಪುತ್ತೇವೆ. ಆದರೂ ಬೆಲ್ಟ್ ಇಲ್ಲದ ಡ್ರ್ಯಾಗ್‌ಸ್ಟರ್ ಶೆಲ್ಫಿನ ಮೇಲೆ ಎಷ್ಟೇ ಮಿಂಚಿದರೂ ಅರ್ಧ ಮಾದರಿ. ಅದಕ್ಕೇ ನಾವೇ ಮಾಡಿದೆವು. ಮಾಸ್ಕಿಂಗ್ ಟೇಪನ್ನು 3 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿದರೆ 1/25ರಲ್ಲಿ ಅದು 75 ಮಿಲಿಮೀಟರ್, ಮೂರು ಇಂಚಿನ ಬೆಲ್ಟ್. ಬಕಲ್‌ಗೆ ಮಾತ್ರೆ ಸ್ಟ್ರಿಪ್ಪಿನ ಅಲ್ಯುಮಿನಿಯಂ ಹಾಳೆ. ಮಾತ್ರೆ ಸ್ಟ್ರಿಪ್ ನಮ್ಮ ರೂಮಿನಲ್ಲಿ ಬೇಕಾದಷ್ಟಿದ್ದವು. ಬೆಲ್ಟ್ ಕೆಲಸ ಪೂರ್ತಿ ಅವನದೇ, ಬೇರೆ ಯಾರಿಗೂ ಮುಟ್ಟೋಕೆ ಬಿಡಲಿಲ್ಲ. ಬ್ರೇಕ್ ಪೈಪಿಗೆ ಹಳೇ ಇಯರ್‌ಫೋನ್ ವೈರಿನ ಒಳಗಿನ ತಂತಿ.

ಈಗ ಆಕ್ಷೇಪಣೆಗಳಿಗೆ ಬರೋಣ. "ಕ್ಯಾಡ್ ಇದೆ, ತ್ರೀಡಿ ಪ್ರಿಂಟರ್ ಇದೆ, ಇದ್ಯಾಕೆ?" ಕ್ಯಾಡ್ ನಮಗೂ ಇಷ್ಟ. ಆದರೆ ಪರದೆ ಮೇಲೆ ಭಾಗ ತಪ್ಪಾಗಿ ಕೂತರೆ ಅಂಡೂ ಒತ್ತುತ್ತೇವೆ. ಇಲ್ಲಿ ಆಕ್ಸಲ್ ಅರ್ಧ ಮಿಲಿಮೀಟರ್ ಓರೆಯಾದರೆ ನಾಲ್ಕನೇ ಚಕ್ರ ಮೇಜು ಮುಟ್ಟಲ್ಲ, ಅದನ್ನು ಬಿಡಿಸಿ ಮತ್ತೆ ಕೂರಿಸೋವರೆಗೂ ತಪ್ಪು ಎದುರಿಗೇ ನಿಂತಿರುತ್ತೆ. "ದುಬಾರಿ" ಅನ್ನೋದು ನಿಜ, ಹೊರದೇಶದಿಂದ ತರಿಸಿದರೆ ಸ್ಟೂಡೆಂಟ್ ಜೇಬಿಗೆ ಭಾರ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಅಂತ ನಾವು ಕೇಳ್ತಿಲ್ಲ. "ಬೇರೆ ದೇಶದವರ ನೆನಪು ನಮಗ್ಯಾಕೆ?" ಅಂದರೆ, 98ರ ವರ್ಗ ಎಲ್ಲ ದೇಶದಲ್ಲೂ ಒಂದೇ. "ಇದು ಹುಡುಗರ ಹುಚ್ಚು" ಅನ್ನೋರಿಗೆ ಶರ್ಲಿ ಮಲ್ಡೌನಿ ಹೆಸರು ಸಾಕು. 1977, 1980, 1982, ಮೂರು ಸಲ ಟಾಪ್ ಫ್ಯುಯೆಲ್ ಚಾಂಪಿಯನ್. 1984ರ ಅಪಘಾತದಲ್ಲಿ ಎರಡೂ ಕಾಲು ಜಖಂ ಆಗಿ, 1986ರಲ್ಲಿ ಮತ್ತೆ ರೇಸಿಗೆ ಬಂದರು.

ದೊಡ್ಡ ಆಕ್ಷೇಪಣೆ ಬೇರೆ ಇದೆ. "ಈಗಾಗಲೇ ಒಬ್ಬ ಬಿದ್ದಿದ್ದಾನೆ, ಮತ್ತೆ ರೇಸ್ ಕಾರು ತೋರಿಸಿ ಹುಚ್ಚು ಹಿಡಿಸ್ತೀರಾ?" ಇದನ್ನು ಕೇಳಿದ್ದು ಅವನ ಅಮ್ಮ. ಅವರ ಭಯಕ್ಕೆ ನಮ್ಮ ಹತ್ತಿರ ಎದುರು ಮಾತಿಲ್ಲ. ಆದರೆ ಹುಚ್ಚು ಮೊದಲೇ ಹಿಡಿದಿತ್ತು ಆಂಟಿ, ಫೋನಿನಿಂದ. ನೋಟಿಸ್ ಬೋರ್ಡಿನಲ್ಲಿ ವೀಲಿಂಗ್, ರೇಸಿಂಗ್ ನಿಷೇಧ ಅಂತ ಸುತ್ತೋಲೆ ಆಗಲೂ ಇತ್ತು, ಅದರ ಕೆಳಗೇ ನಿಂತು ನಾವು ಪ್ಲಾನ್ ಮಾಡಿದ್ದೆವು. ವಾಲಿ ಪಾರ್ಕ್ಸ್ ಕಾಲದಲ್ಲೂ ಬರೀ ಬೈದಿದ್ದರೆ ಹುಡುಗರು ಕೇಳುತ್ತಿರಲಿಲ್ಲ. ವೇಗದ ಆಸೆ ಇರೋರಿಗೆ ವೇಗವನ್ನೇ ಪೂರ್ತಿ ತೋರಿಸಬೇಕು, ಗೆರೆಯಾಚೆ ಏನಿದೆ ಅನ್ನೋದರ ಸಮೇತ.

ನಮ್ಮ ಬೇಡಿಕೆ ಸಣ್ಣದು. ಮೆಕ್ಯಾನಿಕಲ್ ಲ್ಯಾಬ್‌ನಲ್ಲಿ ಗಾಜಿನೊಳಗೆ 'ಮುಟ್ಟಬೇಡಿ' ಬೋರ್ಡ್ ಹಾಕಿಕೊಂಡು ಕೂತಿರೋ ಕಟ್ ಸೆಕ್ಷನ್ ಇಂಜಿನ್ ಪಕ್ಕ, ಮುಟ್ಟಬಹುದಾದ ಒಂದು ಟೇಬಲ್ ಇರಲಿ. ವರ್ಷಕ್ಕೆ ಇಂಥ ಎರಡು ಕಿಟ್, ಒಂದು ಮುಂದೆ ಇಂಜಿನ್, ಒಂದು ಹಿಂದೆ. ಫಸ್ಟ್ ಇಯರ್‌ನವರು ಗುಂಪಾಗಿ ಕಟ್ಟಲಿ. ಒಂದೇ ಷರತ್ತು: ಇಂಜಿನ್‌ಗೆ ಕೈ ಹಾಕೋ ಮುಂಚೆ ರೋಲ್ ಬಾರ್, ಬ್ರೇಕ್, ಬೆಲ್ಟ್, ಪ್ಯಾರಾಚೂಟ್ ಮುಗಿಸಿರಬೇಕು, ಕಾರಿಡಾರ್‌ನಲ್ಲಿ ಮೂರು ಗೆರೆ ಎಳೆದು ತೋರಿಸಿರಬೇಕು. ಸೂಚನೆಯ ಕಾಗದ ನಾವು ಕನ್ನಡದಲ್ಲಿ ಬರೆದಿದ್ದೇವೆ, ಕನ್ನಡ ಸಂಘದ ಬೀರುವಿನಲ್ಲಿದೆ. ಭಾಷೆ ತಿದ್ದಿಕೊಡೋರು ಬೇಕು.

ಎರಡೂ ಮಾದರಿ ಮುಗಿದ ರಾತ್ರಿ ಅವನು ಚಿಕ್ಕಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದ. ಅವರು ಇಂಜಿನ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಬೆಲ್ಟ್ ಡಬ್ಬೀಲಿ ಇರ್ಲಿಲ್ವಲ್ಲ, ಯಾರ್ ಮಾಡಿದ್ದು?" ಅಂದರು. "ನಾನೇ ಚಿಕ್ಕಪ್ಪ" ಅಂದ. ವಾಕರ್ ಬಿಟ್ಟು ಕೋಲು ಹಿಡಿದು ನಡೆಯೋಕೆ ಶುರು ಮಾಡಿ ಅವತ್ತಿಗೆ ಒಂದು ವಾರ. ಕಾರಿಡಾರ್‌ನಲ್ಲಿ ನಾವೆಳೆದ ಫಿನಿಶ್ ಗೆರೆಯವರೆಗೂ ನಡೆದು, ದಾಟಿ, ಗೋಡೆ ಮುಟ್ಟಿ ವಾಪಸ್ ಬಂದ. ಈ ಸಲ ಯಾರೂ ವಿಡಿಯೋ ಮಾಡಲಿಲ್ಲ.